ವಕೀಲ, ಕಕ್ಷಿದಾರ ಮತ್ತು ನಡುವಿನ ದೂರ

ವಕೀಲ ಎಂಬುದು ಅರಬಿ ಮೂಲದ ಪದ. ಇನ್ನೊಬ್ಬರ ಪರವಾಗಿ ನಿಲ್ಲುವವನು, ನಂಬಿ ಹೊಣೆ ಒಪ್ಪಿಸಲ್ಪಟ್ಟವನು ಎಂಬುದು ಅದರ ಅರ್ಥ. ಅರ್ಜಿ, ವಕಾಲತ್ತು, ಜಾಮೀನು, ಕೈದಿ ಮುಂತಾದ ಪದಗಳೂ ಅರಬಿ-ಫಾರ್ಸಿಯಿಂದಲೇ ಕನ್ನಡದ ಕೋರ್ಟು ಕಚೇರಿಗಳಿಗೆ ಬಂದಿವೆ. 1837ರ ಕಾಯ್ದೆಯ ಬಳಿಕ ಕಂಪೆನಿ ಸರಕಾರದ ನ್ಯಾಯಾಲಯಗಳಿಂದ ಫಾರ್ಸಿ ಭಾಷೆ ಹಿಂದೆ ಸರಿಯಿತು, ಪದಗಳು ಉಳಿದವು. ಕಕ್ಷಿದಾರ ಹೋಗಲಾಗದ ಕಡೆ ಅವನ ಪರವಾಗಿ ವಕೀಲ ನಿಲ್ಲಬೇಕೆಂಬ ತತ್ವವೂ ಉಳಿಯಿತು.

ಹಾಗೆ ನೋಡಿದರೆ ವಕೀಲಿ ವೃತ್ತಿಯ ಇತಿಹಾಸವು ದೂರದೊಂದಿಗಿನ ಹೋರಾಟದ ಇತಿಹಾಸವೂ ಹೌದು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಹೈಕೋರ್ಟಿನ ಒಂದು ಮೇಲ್ಮನವಿಗಾಗಿ ಆ ಭಾಗದ ರೈತ ಕೆಲಸ ಬಿಟ್ಟು, ಸಾಲ ಮಾಡಿ ಅಷ್ಟು ದೂರ ಬರಬೇಕಾಗಿತ್ತು. ಉತ್ತರ ಕರ್ನಾಟಕದ ವಕೀಲರ ದೀರ್ಘ ಹೋರಾಟದ ಫಲವಾಗಿ 2008ರ ಜುಲೈಯಲ್ಲಿ ಧಾರವಾಡ ಮತ್ತು ಗುಲ್ಬರ್ಗದಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಆರಂಭವಾದವು. 2013ರಲ್ಲಿ ಅವು ಖಾಯಂ ಪೀಠಗಳಾದವು.

ಅಷ್ಟರಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ಅಮೇರಿಕದಲ್ಲಿದ್ದ ವೈದ್ಯರೊಬ್ಬರ ಸಾಕ್ಷ್ಯವನ್ನು ಮುಂಬೈಯ ನ್ಯಾಯಾಲಯ ವಿಡಿಯೋ ಮೂಲಕ ದಾಖಲಿಸಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲಿ ತೀರ್ಪಿತ್ತಿತು. ಆದರೆ ಈ ದಾರಿ ಸಾಮಾನ್ಯ ವಕೀಲರವರೆಗೆ ತಲುಪಿದ್ದು 2020ರ ಕೊರೋನಾ ಕಾಲದಲ್ಲಿ. ಅದೇ ವರ್ಷ ಎಪ್ರಿಲ್ 6ರಂದು ಸುಪ್ರೀಂ ಕೋರ್ಟ್ ದೇಶದ ನ್ಯಾಯಾಲಯಗಳಲ್ಲಿ ವಿಡಿಯೋ ವಿಚಾರಣೆಗೆ ನಿರ್ದೇಶನ ನೀಡಿತು. ವಿಡಿಯೋ ಸೌಲಭ್ಯವಿಲ್ಲದ ಕಕ್ಷಿದಾರರಿಗೆ ನ್ಯಾಯಾಲಯವೇ ಅದನ್ನು ಒದಗಿಸಬೇಕು, ಉಭಯ ಪಕ್ಷಗಳ ಒಪ್ಪಿಗೆಯಿಲ್ಲದೆ ವಿಡಿಯೋದಲ್ಲಿ ಸಾಕ್ಷ್ಯ ದಾಖಲಿಸಬಾರದು ಎಂದೂ ಹೇಳಿತು. ವಕೀಲರು ಮನೆಯಲ್ಲೇ ಕುಳಿತು ವಾದಿಸಿದರು. 2023ರ ಅಕ್ಟೋಬರಿನಲ್ಲಿ, ಯಾವ ಹೈಕೋರ್ಟೂ ವಿಡಿಯೋ ವಿಚಾರಣೆಯ ಅವಕಾಶವನ್ನು ನಿರಾಕರಿಸಬಾರದೆಂಬ ಆದೇಶವೂ ಬಂತು.

ಇದರಿಂದ ಸಣ್ಣ ಊರಿನ ವಕೀಲನಿಗೆ ಲಾಭವಾಗಿದೆ. ತನ್ನ ಕಕ್ಷಿದಾರನ ಮೊಕದ್ದಮೆಯನ್ನು ರಾಜಧಾನಿಯ ವಕೀಲರಿಗೆ ಒಪ್ಪಿಸದೆ ತಾನೇ ವಾದಿಸಬಹುದು. ಆದರೆ ಜೈಲಿನಲ್ಲಿರುವ ವಿಚಾರಣಾಧೀನ ಕೈದಿಗೆ?

ಆರೋಪಿಯನ್ನು ಪೊಲೀಸ್ ಕಸ್ಟಡಿಗೆ ಕೊಡುವಾಗಲೆಲ್ಲ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಖುದ್ದಾಗಿ ಹಾಜರುಪಡಿಸಬೇಕು. ನ್ಯಾಯಾಂಗ ಬಂಧನವನ್ನು ವಿಸ್ತರಿಸಲು ಮಾತ್ರ ವಿಡಿಯೋ ಸಾಕು. 2009ರಲ್ಲಿ ತಿದ್ದುಪಡಿಯಾದ ಈ ನಿಯಮ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಇದರ ಹಿಂದೆ ವಿವೇಕವಿದೆ. ಮೈಮೇಲಿನ ಬಾಸುಂಡೆ ಪರದೆಯಲ್ಲಿ ಕಾಣದೇ ಹೋಗಬಹುದು. ಪಕ್ಕದಲ್ಲೇ ಜೈಲು ಸಿಬ್ಬಂದಿ ನಿಂತಿರುವಾಗ ಕೈದಿ ಬಾಯಿ ಬಿಡಲಾರ. ಕೋರ್ಟಿನ ವರಾಂಡದಲ್ಲಿ ವಕೀಲನ ಕಿವಿಯಲ್ಲಿ ಹೇಳುತ್ತಿದ್ದ ಎರಡು ಮಾತು, ದೂರದಿಂದ ಬಂದ ತಾಯಿಯ ಮುಖ, ಇವೂ ಅವನ ಪಾಲಿಗೆ ನ್ಯಾಯದ ಭಾಗವೇ ಆಗಿದ್ದವು.

ಹೊಸ ತಂತ್ರಜ್ಞಾನವನ್ನು ಬೇಡವೆನ್ನುವುದು ಜಾಣತನವಲ್ಲ. ಆದರೆ ಅದು ಯಾರ ದೂರವನ್ನು ಕಡಿಮೆ ಮಾಡಿತು ಎಂದು ನಾವು ಕೇಳುತ್ತಲೇ ಇರಬೇಕು. ವಕೀಲ ನ್ಯಾಯಾಧೀಶರಿಗೆ ಹತ್ತಿರವಾಗಿ ಕಕ್ಷಿದಾರನಿಂದ ದೂರವಾದರೆ ಆ ಹಳೆಯ ಪದಕ್ಕೆ ಅರ್ಥವೇ ಉಳಿಯದು.