ನಿದ್ರೆಯಲ್ಲಿ ಬಾಯಿ ಉಸಿರಾಟ

ಮಲಗಿದ್ದಾಗ ಮೂಗಿನ ಬದಲು ಪೂರ್ತಿಯಾಗಿಯೋ ಅರೆಬರೆಯಾಗಿಯೋ ಬಾಯಿಯಿಂದ ಉಸಿರಾಡುವ ಸ್ಥಿತಿ. ಇದು ತಾನೇ ಒಂದು ಕಾಯಿಲೆಯಲ್ಲ. ಮೂಗು, ಗಂಟಲು ಅಥವಾ ದವಡೆಯಲ್ಲಿರುವ ತೊಂದರೆಯ ಲಕ್ಷಣ. ನೆಗಡಿಯಾದಾಗ ನಾಲ್ಕು ದಿನ ಬಾಯಿಬಿಟ್ಟು ಮಲಗುವುದು ಎಲ್ಲರಿಗೂ ಉಂಟು. ನೆಗಡಿ ವಾಸಿಯಾದ ಮೇಲೂ ಅದು ವಾರಗಟ್ಟಲೆ ಮುಂದುವರಿದರೆ ಕಾರಣ ಹುಡುಕಬೇಕಾಗುತ್ತದೆ. ಬೆಳಿಗ್ಗೆ ಏಳುವಾಗ ಒಣಗಿದ ನಾಲಿಗೆ, ಕೆರೆಯುವ ಗಂಟಲು, ಬಾಯಿಯ ದುರ್ವಾಸನೆ, ದಿಂಬಿನ ಮೇಲೆ ಜೊಲ್ಲಿನ ಕಲೆ ಇದರ ಸಾಮಾನ್ಯ ಗುರುತುಗಳು.

ಮೂಗಿನ ಕೆಲಸ

ಮೂಗಿನ ಎರಡೂ ಪಕ್ಕದ ಗೋಡೆಗಳಲ್ಲಿ ಟರ್ಬಿನೇಟ್ ಎಂಬ ಬಾಗಿದ ಎಲುಬಿನ ಮಡಿಕೆಗಳಿವೆ. ಅವುಗಳ ಮೇಲಿನ ಪೊರೆಯಲ್ಲಿ ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡಿರುತ್ತವೆ. ಒಳಬಂದ ಗಾಳಿ ಈ ಮಡಿಕೆಗಳನ್ನು ಸವರಿಕೊಂಡು ಹೋಗುವಷ್ಟರಲ್ಲಿ ಬೆಚ್ಚಗಾಗಿ ತೇವಗೊಳ್ಳುತ್ತದೆ. ದೂಳು ಲೋಳೆಗೆ ಅಂಟಿ ಉಳಿಯುತ್ತದೆ. ಮೂಗಿನ ಸುತ್ತಲಿನ ಸೈನಸ್‌ಗಳಲ್ಲಿ ನೈಟ್ರಿಕ್ ಆಕ್ಸೈಡ್ ಅನಿಲ ಉತ್ಪತ್ತಿಯಾಗುತ್ತದೆಂದು 1995ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಉಸಿರಿನೊಂದಿಗೆ ಶ್ವಾಸಕೋಶ ಸೇರುವ ಈ ಅನಿಲ ಅಲ್ಲಿನ ರಕ್ತನಾಳಗಳನ್ನು ಹಿಗ್ಗಿಸಿ ಆಮ್ಲಜನಕದ ಹೀರಿಕೆಗೆ ನೆರವಾಗುತ್ತದೆ. ಬಾಯಿಯಿಂದ ಎಳೆದುಕೊಂಡ ಗಾಳಿಗೆ ಈ ಸಂಸ್ಕಾರ ಸಿಗುವುದಿಲ್ಲ.

ಎರಡು ಹೊಳ್ಳೆಗಳೂ ಸದಾ ಸಮವಾಗಿ ತೆರೆದಿರುವುದಿಲ್ಲ. ಕೆಲವು ಗಂಟೆಗಳಿಗೊಮ್ಮೆ ಒಂದು ಹೊಳ್ಳೆಯ ಪೊರೆ ಊದಿಕೊಂಡು ಇನ್ನೊಂದರದು ಸಡಿಲಗೊಳ್ಳುತ್ತದೆ. ಈ ಚಕ್ರವನ್ನು ಜರ್ಮನ್ ವೈದ್ಯ ರಿಚರ್ಡ್ ಕೈಸರ್ 1895ರಲ್ಲಿ ವಿವರಿಸಿದ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚಿ ಪೊರೆ ಇನ್ನಷ್ಟು ಊದುತ್ತದೆ. ಮಗ್ಗುಲಾದರೆ ಕೆಳಗಿನ ಹೊಳ್ಳೆ ಕಟ್ಟಿಕೊಳ್ಳುತ್ತದೆ. ಹಗಲಿನಲ್ಲಿ ಹೇಗೋ ಸಾಗುತ್ತಿದ್ದ ಇಕ್ಕಟ್ಟಾದ ಮೂಗು ರಾತ್ರಿ ಸೋಲುವುದು ಇದೇ ಕಾರಣದಿಂದ.

ಕಾರಣಗಳು

ಅಲರ್ಜಿಯ ನೆಗಡಿ ಎಲ್ಲ ವಯಸ್ಸಿನವರಲ್ಲೂ ಕಾಣುವ ಕಾರಣ. ಹಾಸಿಗೆ, ದಿಂಬುಗಳಲ್ಲಿ ವಾಸಿಸುವ ಕಣ್ಣಿಗೆ ಕಾಣದ ದೂಳುಹುಳಗಳು, ಗೋಡೆಯ ಬೂಷ್ಟು, ಸಾಕುಪ್ರಾಣಿಗಳ ಹೊಟ್ಟು, ಹೂವಿನ ಪರಾಗ ಇದನ್ನು ಕೆರಳಿಸುತ್ತವೆ. 1950ರ ದಶಕದಿಂದ ಭಾರತದಲ್ಲಿ ಹಬ್ಬಿದ ಪಾರ್ಥೇನಿಯಂ, ಅಂದರೆ ಕರ್ನಾಟಕದ ಹೊಲ, ರಸ್ತೆಬದಿ, ಖಾಲಿ ಸೈಟುಗಳಲ್ಲೆಲ್ಲ ಬೆಳೆಯುವ ಕಾಂಗ್ರೆಸ್ ಕಳೆ, ಮೂಗಿನ ಅಲರ್ಜಿ ತರುತ್ತದೆಂಬುದನ್ನು ಬೆಂಗಳೂರಿನಲ್ಲಿ ನಡೆದ ಅಧ್ಯಯನಗಳು ದಾಖಲಿಸಿವೆ.

ಮೂಗಿನ ನಡುಗೋಡೆ ಸೊಟ್ಟಗಿರುವುದು, ಟರ್ಬಿನೇಟ್ ದಪ್ಪವಾಗಿರುವುದು, ಜನ ‘ದುರ್ಮಾಂಸ’ ಎನ್ನುವ ಪಾಲಿಪ್ ಬೆಳೆದಿರುವುದು ರಚನೆಗೆ ಸಂಬಂಧಿಸಿದ ಕಾರಣಗಳು. ಮೇಲಿನ ಹಲ್ಲುಗಳು ಹೆಚ್ಚು ಮುಂದೆ ಚಾಚಿದ್ದರೆ ಅಥವಾ ಕೆಳದವಡೆ ಚಿಕ್ಕದಾಗಿದ್ದರೆ ತುಟಿಗಳು ತಾವಾಗಿ ಕೂಡುವುದಿಲ್ಲ. ಅಡ್ಡಿ ನಿವಾರಣೆಯಾದ ಮೇಲೂ ಕೆಲವರಲ್ಲಿ ಹಳೆಯ ಅಭ್ಯಾಸ ಉಳಿದುಬಿಡುತ್ತದೆ.

ಔಷಧಿಯೇ ಕಾರಣವಾಗುವುದೂ ಉಂಟು. ಕಟ್ಟಿದ ಮೂಗನ್ನು ತಕ್ಷಣ ಬಿಡಿಸುವ ಆಕ್ಸಿಮೆಟಾಜೊಲಿನ್, ಕ್ಸೈಲೊಮೆಟಾಜೊಲಿನ್ ಹನಿಗಳನ್ನು ಮೆಡಿಕಲ್ ಶಾಪಿನಿಂದ ತಂದು ವಾರಗಟ್ಟಲೆ ಹಾಕಿಕೊಂಡರೆ, ಅವುಗಳ ಪ್ರಭಾವ ಇಳಿದಾಗಲೆಲ್ಲ ಪೊರೆ ಮೊದಲಿಗಿಂತ ಹೆಚ್ಚು ಊದುತ್ತದೆ. ರೋಗಿ ಮತ್ತೆ ಹನಿ ಹಾಕಿಕೊಳ್ಳುತ್ತಾನೆ, ಮೂಗು ಮತ್ತೆ ಕಟ್ಟುತ್ತದೆ. ಈ ಹನಿಗಳ ಬಳಕೆ ಕೆಲವೇ ದಿನಗಳಿಗೆ ಸೀಮಿತವಾಗಿರಬೇಕು.

ಮಕ್ಕಳಲ್ಲಿ

ಮಕ್ಕಳಲ್ಲಿ ಮುಖ್ಯ ಕಾರಣ ಅಡಿನಾಯ್ಡ್. ಮೂಗಿನ ಹಿಂಭಾಗದಲ್ಲಿ, ಕಿರುನಾಲಗೆಗಿಂತ ಮೇಲೆ ಇರುವ ಈ ಅಂಗಾಂಶ ಬಾಯಿ ತೆರೆದು ನೋಡಿದರೆ ಕಾಣುವುದಿಲ್ಲ. ಎಳೆಯ ವಯಸ್ಸಿನಲ್ಲಿ ದೊಡ್ಡದಾಗಿದ್ದು ಹದಿಹರೆಯದ ಹೊತ್ತಿಗೆ ಕುಗ್ಗುತ್ತದೆ. ಅದು ಊದಿಕೊಂಡು ಉಸಿರಿಗೆ ಅಡ್ಡಿಯಾಗುವುದನ್ನು ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರ್ 1868ರಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ವಿವರಿಸಿದ.

ಬಾಯಿ ಮುಚ್ಚಿದ್ದಾಗ ನಾಲಿಗೆ ಅಂಗುಳಕ್ಕೆ ಒತ್ತಿಕೊಂಡಿದ್ದು ಮೇಲ್ದವಡೆಯನ್ನು ಅಗಲವಾಗಿ ಬೆಳೆಯಗೊಡುತ್ತದೆ. ಬಾಯಿ ತೆರೆದಿದ್ದರೆ ನಾಲಿಗೆ ಕೆಳಗಿಳಿಯುತ್ತದೆ. ವರ್ಷಗಳು ಕಳೆದಂತೆ ದವಡೆ ಕಿರಿದಾಗಿ, ಅಂಗುಳ ಎತ್ತರವಾಗಿ, ಹಲ್ಲುಗಳು ಒತ್ತೊತ್ತಾಗಿ, ಮುಖ ಉದ್ದವಾಗಬಹುದು. ಅಮೆರಿಕದ ಈಗಿಲ್ ಹಾರ್ವೋಲ್ಡ್ ಬೆಳೆಯುತ್ತಿರುವ ಮಂಗಗಳ ಹೊಳ್ಳೆಗಳನ್ನು ಮುಚ್ಚಿ ನಡೆಸಿದ ಪ್ರಯೋಗಗಳಲ್ಲಿ ಅವುಗಳ ದವಡೆ, ಹಲ್ಲುಗಳ ಜೋಡಣೆ ಬದಲಾಯಿತು. ಎಲ್ಲ ಮಂಗಗಳಲ್ಲೂ ಬದಲಾವಣೆ ಒಂದೇ ತೆರನಾಗಿರಲಿಲ್ಲ. ಹಾಗೆಯೇ ಬಾಯಿಬಿಟ್ಟು ಮಲಗುವ ಎಲ್ಲ ಮಕ್ಕಳ ಮುಖವೂ ಬದಲಾಗುವುದಿಲ್ಲ. ಆದರೂ ಬೆಳೆಯುವ ವಯಸ್ಸಿನಲ್ಲೇ ಚಿಕಿತ್ಸೆ ಮಾಡಿಸುವುದು ಮುಖ್ಯ.

ಪರಿಣಾಮಗಳು

ರಾತ್ರಿ ಜೊಲ್ಲುರಸದ ಉತ್ಪತ್ತಿ ಹೇಗೂ ಕಡಿಮೆ. ಬಾಯಿ ತೆರೆದಿದ್ದರೆ ಇರುವಷ್ಟೂ ಆರಿ ಹುಳುಕು ಹಲ್ಲು, ಒಸಡಿನ ಉರಿಯೂತಕ್ಕೆ ದಾರಿಯಾಗುತ್ತದೆ. ಬಾಯಿ ತೆರೆದಾಗ ಕೆಳದವಡೆ ಹಿಂದಕ್ಕೆ ಸರಿದು, ನಾಲಿಗೆಯ ಬುಡದಲ್ಲಿ ಗಂಟಲು ಇಕ್ಕಟ್ಟಾಗುತ್ತದೆ, ಗೊರಕೆ ಹೆಚ್ಚುತ್ತದೆ. ನಿದ್ರೆಯಲ್ಲಿ ಪದೇ ಪದೇ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರುವವರಲ್ಲಿ ಇದು ತೊಂದರೆಯನ್ನು ಉಲ್ಬಣಿಸುತ್ತದೆ.

ಪತ್ತೆ

ಮನೆಯಲ್ಲಿ ತಿಳಿಯಲು ಸುಲಭ ಉಪಾಯವೊಂದಿದೆ: ಬಾಯಿ ಮುಚ್ಚಿಸಿ, ತಣ್ಣನೆಯ ಸ್ಟೀಲ್ ಚಮಚವನ್ನು ಮೂಗಿನ ಕೆಳಗೆ ಹಿಡಿದರೆ ಯಾವ ಹೊಳ್ಳೆಯಿಂದ ಉಸಿರು ಬರುತ್ತಿದೆಯೋ ಆ ಕಡೆ ಆವಿ ಮೂಡುತ್ತದೆ. ಇಎನ್‌ಟಿ ವೈದ್ಯರು ಎಂಡೋಸ್ಕೋಪ್ ಹಾಕಿ ನೋಡುತ್ತಾರೆ. ಅಡಿನಾಯ್ಡ್‌ನ ಗಾತ್ರ ತಿಳಿಯಲು ಪಕ್ಕದಿಂದ ಕತ್ತಿನ ಎಕ್ಸ್‌ರೇ ತೆಗೆಸುವುದುಂಟು. ಉಸಿರು ಕಟ್ಟುವ ಅನುಮಾನವಿದ್ದರೆ ರಾತ್ರಿಯ ನಿದ್ರಾ ಪರೀಕ್ಷೆ ನಡೆಯುತ್ತದೆ.

ಪರಿಹಾರ

ಎಲ್ಲ ಚಿಕಿತ್ಸೆಯ ಗುರಿ ಮೂಗನ್ನು ತೆರೆಯುವುದು. ಬಾಯಿ ಮುಚ್ಚಿಸುವ ಪ್ರಯತ್ನ ಆಮೇಲಿನದು. ಅಲರ್ಜಿಯಿದ್ದರೆ ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿ ಒಗೆದರೆ ದೂಳುಹುಳ ಸಾಯುತ್ತದೆ. ಯೋಗದ ಜಲನೇತಿಯಂತೆ ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ವೈದ್ಯರೂ ಸೂಚಿಸುತ್ತಾರೆ. ಕಾಲು ಲೀಟರ್ ನೀರಿಗೆ ಸುಮಾರು 2 ಗ್ರಾಂ ಉಪ್ಪು ಸಾಕು. ನಲ್ಲಿಯ ಅಥವಾ ಬಾವಿಯ ನೀರನ್ನು ನೇರವಾಗಿ ಬಳಸಬಾರದು, ಕುದಿಸಿ ಆರಿಸಲೇಬೇಕು. ನೀರಿನಲ್ಲಿರಬಹುದಾದ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳು ಸೇರಿದರೆ ಪ್ರಾಣಕ್ಕೇ ಅಪಾಯ.

ಫ್ಲುಟಿಕಾಸೋನ್, ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇಗಳು ಊತ ಇಳಿಸುತ್ತವೆ. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದಲೂ ಎಡ ಹೊಳ್ಳೆಗೆ ಬಲಗೈಯಿಂದಲೂ ಸಿಂಪಡಿಸಿದರೆ ಔಷಧಿ ಹೊರಮಗ್ಗುಲಿಗೆ ಬೀಳುತ್ತದೆ. ನಡುಗೋಡೆಗೆ ಬಡಿದರೆ ಮೂಗಿನಿಂದ ರಕ್ತ ಬರಬಹುದು. ಪೂರ್ತಿ ಪರಿಣಾಮ ಕಾಣಲು ಕೆಲವು ವಾರ ಬೇಕಾಗುವುದರಿಂದ ಎರಡೇ ದಿನಕ್ಕೆ ನಿಲ್ಲಿಸಬಾರದು.

ಸೊಟ್ಟ ನಡುಗೋಡೆ, ದೊಡ್ಡ ಪಾಲಿಪ್‌ಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆಪ್ನಿಯಾ ಇರುವ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಅಡಿನಾಯ್ಡ್ ಮತ್ತು ಟಾನ್ಸಿಲ್ ತೆಗೆಸಿದವರಲ್ಲಿ ಶೇ. 79 ಮಂದಿಯ ನಿದ್ರಾ ಪರೀಕ್ಷೆ ಏಳು ತಿಂಗಳಲ್ಲಿ ಸಹಜ ಸ್ಥಿತಿಗೆ ಬಂತು. ಶಸ್ತ್ರಚಿಕಿತ್ಸೆಯಿಲ್ಲದೆ ಕಾದು ನೋಡಿದವರಲ್ಲೂ ಶೇ. 46 ಮಂದಿ ಹಾಗೆಯೇ ಚೇತರಿಸಿಕೊಂಡರು. ಆದ್ದರಿಂದ ಲಕ್ಷಣಗಳು ಸೌಮ್ಯವಾಗಿದ್ದರೆ ಕೆಲಕಾಲ ಕಾಯುವುದಕ್ಕೂ ಆಧಾರವಿದೆ. ಮೇಲ್ದವಡೆ ಕಿರಿದಾದ ಮಕ್ಕಳಿಗೆ ದಂತವೈದ್ಯರು ಅದನ್ನು ಹಿಗ್ಗಿಸುವ ಸಾಧನ ಅಳವಡಿಸುತ್ತಾರೆ. ವಯಸ್ಕರ ಆಪ್ನಿಯಾಗೆ, ಗಾಳಿಯ ಒತ್ತಡದಿಂದ ಉಸಿರಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರವೇ ಪ್ರಮುಖ ಚಿಕಿತ್ಸೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ಪರಿಚಯಿಸಿದರು.

ತುಟಿಗಳಿಗೆ ಪಟ್ಟಿ ಅಂಟಿಸಿಕೊಂಡು ಮಲಗುವ ಪದ್ಧತಿ ಈಚಿನ ವರ್ಷಗಳಲ್ಲಿ ಸಾಮಾಜಿಕ ಜಾಲತಾಣಗಳ ಮೂಲಕ ಹರಡಿದೆ. 2025ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 10 ಅಧ್ಯಯನಗಳನ್ನು, ಒಟ್ಟು 213 ಜನರ ವಿವರಗಳನ್ನು ಪರಿಶೀಲಿಸಿ, ಪ್ರಯೋಜನಕ್ಕೆ ಗಟ್ಟಿ ಪುರಾವೆಯಿಲ್ಲವೆಂದೂ ಮೂಗು ಕಟ್ಟಿದವರಿಗೆ ಉಸಿರುಗಟ್ಟುವ ಅಪಾಯವಿದೆಯೆಂದೂ ಎಚ್ಚರಿಸಿತು. ಮಕ್ಕಳಿಗೆ ಇದನ್ನು ಮಾಡಲೇಬಾರದು.

ನಿದ್ರೆಯಲ್ಲಿ ಮಗುವಿನ ಉಸಿರು ನಿಂತು ನಿಂತು ಬರುವುದು, ಉಸಿರೆಳೆದಾಗ ಎದೆ ಒಳಸೇರುವುದು, ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಅಥವಾ ರಕ್ತ ಬರುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹಸುಗೂಸುಗಳು ಮೊದಲ ಕೆಲವು ತಿಂಗಳು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತವೆ. ಹುಟ್ಟಿನಿಂದಲೇ ಮೂಗಿನ ಹಿಂದ್ವಾರ ಮುಚ್ಚಿಕೊಂಡಿರುವ ಕೂಸು ಸುಮ್ಮನಿದ್ದಾಗ ನೀಲಿಗಟ್ಟಿ, ಅತ್ತಾಗ ಸರಿಹೋಗುತ್ತದೆ. ಅಂಥ ಕೂಸಿಗೆ ತುರ್ತು ಚಿಕಿತ್ಸೆ ಬೇಕು.