ಎಲ್ಲಿ ಕೈಕೊಟ್ಟಿದೆ ತಂತಿ?

ವೈಫೈ ಸರಿಯಿಲ್ಲದಿದ್ದರೆ ಗೋಡೆಯನ್ನು ದೂರಬಹುದು, ಪಕ್ಕದ ಮನೆಯ ರೂಟರನ್ನು ದೂರಬಹುದು. ಡೆಸ್ಕ್‌ಟಾಪ್‌ಗೆ ನೇರವಾಗಿ ಲ್ಯಾನ್ ಕೇಬಲ್ ಎಳೆದ ಮೇಲೂ ನೆಟ್ ಬಂದು ಹೋಗಿ ಮಾಡಿದರೆ ಯಾರನ್ನು ದೂರುವುದು? ಪೂರ್ತಿ ನಿಂತುಹೋದ ಸಂಪರ್ಕಕ್ಕಿಂತ ಹೀಗೆ ಕಣ್ಣಾಮುಚ್ಚಾಲೆ ಆಡುವ ಸಂಪರ್ಕವೇ ಹೆಚ್ಚು ಕಾಡುತ್ತದೆ. ರಿಪೇರಿಯವನು ಬಂದ ಹೊತ್ತಿಗೆ ಎಲ್ಲ ಸರಿಯಾಗಿರುತ್ತದೆ. ಅವನು ಗೇಟು ದಾಟಿದೊಡನೆ ಮತ್ತೆ ಅದೇ ಪಾಡು. ಈ ಕಾಟಕ್ಕೆ ಐವತ್ತು ವರ್ಷಗಳ ಇತಿಹಾಸವಿದೆ. ಅದನ್ನು ಓದುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಜಾಲ ಸುಧಾರಿಸಿದಷ್ಟೂ ಅದರ ದೋಷ ಮರೆಗೆ ಸರಿದಿದೆ.

ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಇಂದಿನ ಲ್ಯಾನ್ ಕೇಬಲ್‌ಗಳ ಹಿಂದಿರುವ ಈಥರ್ನೆಟ್ ಎಂಬ ಜಾಲ ವಿಧಾನದ ಕುರಿತ ಮೊದಲ ಟಿಪ್ಪಣಿ ಬರೆದದ್ದು 1973ರ ಮೇ 22ರಂದು. ಡೇವಿಡ್ ಬಾಗ್ಸ್ ಜತೆಗೂಡಿ ಅವರು ಕಟ್ಟಿದ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಕೇಬಲ್ ಒಂದೇ, ಕಂಪ್ಯೂಟರ್‌ಗಳೆಲ್ಲ ಅದಕ್ಕೇ ಜೋತುಬಿದ್ದವು. ಎರಡು ಯಂತ್ರ ಒಟ್ಟಿಗೆ ಬಾಯಿ ತೆರೆದರೆ ಡಿಕ್ಕಿ. ಎರಡೂ ಸುಮ್ಮನಾಗಿ, ಬೇರೆ ಬೇರೆ ಹೊತ್ತು ಕಾದು, ಮತ್ತೆ ಯತ್ನಿಸಬೇಕು. 1980ರಲ್ಲಿ ಡಿಜಿಟಲ್, ಇಂಟೆಲ್, ಝೆರಾಕ್ಸ್ ಕಂಪನಿಗಳು ಸೇರಿ ಇದಕ್ಕೆ 10 ಮೆಗಾಬಿಟ್ ವೇಗದ ಖಚಿತ ರೂಪ ಕೊಟ್ಟವು. 1983ರಲ್ಲಿ ಅದು ಐಇಇಇ 802.3 ಎಂಬ ಮಾನಕವಾಯಿತು.

ಆ ಕಾಲದ ದಪ್ಪ ಕೇಬಲ್ ಒಂದು ತುಂಡಿಗೆ 500 ಮೀಟರ್‌ವರೆಗೆ ಹೋಗುತ್ತಿತ್ತು. ಎರಡೂವರೆ ಮೀಟರಿಗೊಂದು ಗುರುತು. ಆ ಗುರುತಿನಲ್ಲೇ ತೂತು ಕೊರೆದು, ಒಳಗಿನ ತಾಮ್ರಕ್ಕೆ ಮೊಳೆ ತಾಕಿಸಿ ಕಂಪ್ಯೂಟರ್ ಸೇರಿಸಬೇಕು. ಆಮೇಲೆ ಬಂದ ತೆಳು ಕೇಬಲ್ ಅಗ್ಗವಾಗಿತ್ತು, ಬಾಗುತ್ತಿತ್ತು, ಒಂದು ತುಂಡಿಗೆ 185 ಮೀಟರ್ ಮಿತಿ. ಅದರ ಎರಡೂ ತುದಿಗೆ 50 ಓಮ್‌ನ ಪುಟ್ಟ ಟರ್ಮಿನೇಟರ್ ಇರಲೇಬೇಕಿತ್ತು. ಯಾರೋ ಮೇಜು ಸರಿಸುವಾಗ ಅದು ಕಳಚಿತೆನ್ನಿ, ಸಂಕೇತ ತೆರೆದ ತುದಿಗೆ ಬಡಿದು ಹಿಂದಿರುಗಿ ಇಡೀ ಆಫೀಸಿನ ಜಾಲ ಮಲಗುತ್ತಿತ್ತು. ದೋಷ ಒಬ್ಬರದು, ಶಿಕ್ಷೆ ಎಲ್ಲರಿಗೂ. ಆದರೆ ದೋಷ ಬಚ್ಚಿಟ್ಟುಕೊಳ್ಳುತ್ತಿರಲಿಲ್ಲ. ಕೇಬಲ್‌ಗೆ ಒಂದು ಮಿಡಿತ ಕಳಿಸಿ, ಪ್ರತಿಧ್ವನಿ ಬರಲು ಹಿಡಿದ ಸಮಯದಿಂದ ಕಡಿತ ಎಷ್ಟು ಮೀಟರ್ ದೂರದಲ್ಲಿದೆ ಎಂದು ಹೇಳುವ ಉಪಕರಣವೂ ಇತ್ತು. ಬೆಲೆ ಮಾತ್ರ ಮನೆಬಳಕೆಯದಲ್ಲ.

ಬಡವರ ಉಪಕರಣ ಬಂದದ್ದು 1983ರ ಡಿಸೆಂಬರಿನಲ್ಲಿ. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್, ಜಾಲದ ತೊಂದರೆಯೊಂದನ್ನು ಬೆನ್ನಟ್ಟುತ್ತ ಪಿಂಗ್ ಎಂಬ ಚಿಕ್ಕ ಪ್ರೋಗ್ರಾಂ ಬರೆದರು. ಆಚೆಯ ಯಂತ್ರಕ್ಕೆ ಒಂದು ಕೂಗು ಹಾಕಿ, ಮರುದನಿಗೆ ಎಷ್ಟು ಹೊತ್ತಾಯಿತು ಎಂದು ಅಳೆಯುವುದಷ್ಟೇ ಅದರ ಕೆಲಸ. ಮೂಸ್ ತಾವು ಕೇಳಿದ ಅತ್ಯುತ್ತಮ ಪಿಂಗ್ ಕಥೆ ಎಂದು ಬರೆದಿಟ್ಟದ್ದು ಇದು: ಬಂದು ಹೋಗುವ ದೋಷದಿಂದ ಬೇಸತ್ತ ಒಬ್ಬ ಜಾಲ ನಿರ್ವಾಹಕ, ಪಿಂಗ್‌ನ ಪ್ರತಿ ಉತ್ತರಕ್ಕೂ ಕಂಪ್ಯೂಟರ್ 'ಪಿಂಗ್' ಎಂದು ಕೂಗುವಂತೆ ಮಾಡಿ, ಅದನ್ನು ಆಫೀಸಿನ ಸ್ಟೀರಿಯೊಗೆ ಜೋಡಿಸಿ ದನಿ ಏರಿಸಿದ. ಸೆಕೆಂಡಿಗೊಮ್ಮೆ ಕಟ್ಟಡವೆಲ್ಲ ಪಿಂಗ್, ಪಿಂಗ್. ಅವನು ಕೋಣೆಯಿಂದ ಕೋಣೆಗೆ ಹೋಗಿ ಒಂದೊಂದೇ ಕನೆಕ್ಟರನ್ನು ಅಲ್ಲಾಡಿಸುತ್ತ ಬಂದ. ಒಂದು ಕಡೆ ದನಿ ನಿಂತಿತು; ಕಳ್ಳ ಸಿಕ್ಕಿಬಿದ್ದ. ಬಂದು ಹೋಗುವ ದೋಷ ಹಿಡಿಯಲು ಇಂದಿಗೂ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ. ಅಲ್ಲಾಡಿಸಬೇಕು, ಅಲ್ಲಾಡಿಸುವಾಗ ಗಮನಿಸುತ್ತಿರಬೇಕು.

1990ರಲ್ಲಿ ಹೆಣೆದ ಜೋಡಿ ತಂತಿಯ ಈಥರ್ನೆಟ್ ಮಾನಕವಾದಾಗ ಚಿತ್ರ ಬದಲಾಯಿತು. ಪ್ರತಿ ಯಂತ್ರಕ್ಕೂ ಅದರದೇ ಕೇಬಲ್, ಗರಿಷ್ಠ 100 ಮೀಟರ್, ನಡುವೆ ಒಂದು ಹಬ್. ಒಬ್ಬರ ಕೇಬಲ್ ಹೋದರೆ ಒಬ್ಬರಿಗೇ ತೊಂದರೆ. ಪೋರ್ಟ್ ಪಕ್ಕದ ಪುಟ್ಟ ದೀಪ ಉರಿದರೆ ಕೊಂಡಿ ಇದೆ, ಆರಿದರೆ ಇಲ್ಲ. ಅದೇ ವರ್ಷ, ಭಾರತ ಮೂಲದ ವಿನೋದ್ ಭಾರದ್ವಾಜ್ ಸಹಸ್ಥಾಪಕರಾಗಿದ್ದ, ಅವರ ಪತ್ನಿಯ ಹೆಸರನ್ನೇ ಹೊತ್ತ ಕಲ್ಪನಾ ಎಂಬ ಕಂಪನಿ ಎಲ್ಲರಿಗೂ ಕೂಗದೆ ಬೇಕಾದ ಯಂತ್ರಕ್ಕಷ್ಟೇ ಮಾತು ತಲುಪಿಸುವ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ಡಿಕ್ಕಿಯ ಕಾಲ ಮುಗಿಯುತ್ತ ಬಂತು. ದೀಪ ಉರಿಯುತ್ತಿದ್ದರೆ ತಂತಿ ಸರಿಯಾಗಿದೆ ಎಂಬ ತಪ್ಪು ನಂಬಿಕೆ ಹುಟ್ಟಿದ್ದೂ ಆಗಲೇ.

1995ರಲ್ಲಿ 100 ಮೆಗಾಬಿಟ್ ವೇಗ ಬಂತು, ಜತೆಗೆ ಎರಡು ತುದಿಗಳೂ ತಮ್ಮೊಳಗೆ ವೇಗ ಒಪ್ಪಿಕೊಳ್ಳುವ ಆಟೋ ನೆಗೋಷಿಯೇಷನ್ ಕೂಡ. ಆರಂಭದಲ್ಲಿ ಇದು ಎಡವುತ್ತಿತ್ತು. ಹಾಗಾಗಿ ಎಂಜಿನಿಯರುಗಳು ವೇಗವನ್ನು ಕೈಯಿಂದಲೇ ಬಿಗಿಯುವ ಅಭ್ಯಾಸ ಮಾಡಿಕೊಂಡರು. ರೋಗಕ್ಕಿಂತ ಮದ್ದೇ ಕೆಟ್ಟದಾಯಿತು. ಒಂದು ತುದಿಯನ್ನು ಫುಲ್ ಡ್ಯೂಪ್ಲೆಕ್ಸ್ (ಒಂದೇ ಹೊತ್ತಿಗೆ ಕಳಿಸುವುದು, ಪಡೆಯುವುದು) ಎಂದು ಬಿಗಿದರೆ, ಉತ್ತರ ಸಿಗದ ಇನ್ನೊಂದು ತುದಿ ಹಾಫ್ (ಸರದಿಯಂತೆ ಒಂದೊಂದೇ) ಎಂದು ಭಾವಿಸುತ್ತದೆ. ಆಗ ಪಿಂಗ್ ಸಲೀಸಾಗಿ ಓಡುತ್ತದೆ, ದೊಡ್ಡ ಫೈಲ್ ಮಾತ್ರ ತೆವಳುತ್ತದೆ. 'ಎಲ್ಲವನ್ನೂ ಮ್ಯಾನ್ಯುಯಲ್ ಮಾಡಿ' ಎಂಬ ಸಲಹೆ ಇಂದಿಗೂ ಕೇಳಿಬರುತ್ತದೆ. ಗುಮಾನಿಯಿಂದ ನೋಡಿ.

ಮನೆಯ ತೊಂದರೆಗಳ ಮೂಲ ಹೆಚ್ಚಾಗಿ ಇರುವುದು 1999ರಲ್ಲಿ ಮಾನಕವಾದ ಗಿಗಾಬಿಟ್‌ನಲ್ಲಿ. ಲ್ಯಾನ್ ಕೇಬಲ್‌ನೊಳಗೆ ಎಂಟು ತಂತಿ, ನಾಲ್ಕು ಜೋಡಿ. 100 ಮೆಗಾಬಿಟ್‌ಗೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು. ಗಿಗಾಬಿಟ್‌ಗೆ ನೀಲಿ, ಕಂದು ಸೇರಿ ನಾಲ್ಕೂ ಬೇಕು. ನೀಲಿ ತಂತಿಯೊಂದು ಜಾಕ್‌ನೊಳಗೆ ಸಡಿಲವಾಗಿದ್ದರೆ ಕೆಲವು ಕಾರ್ಡ್‌ಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ಇನ್ನು ಕೆಲವು ಗಿಗಾಬಿಟ್‌ಗೆ ಯತ್ನಿಸಿ, ಸೋತು, ಮತ್ತೆ ಯತ್ನಿಸಿ, ಎರಡು ಕ್ಷಣಕ್ಕೊಮ್ಮೆ ಕೊಂಡಿ ಕಳಚುತ್ತಲೇ ಇರುತ್ತವೆ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ 1000ದ ಬದಲು 100 ಎಂದಿದ್ದರೆ ಗುಟ್ಟು ಅಲ್ಲೇ ರಟ್ಟಾದಂತೆ.

ಕ್ರಿಂಪಿಂಗ್ ಮಾಡಿ ಕೇಬಲ್ ತುದಿಗೆ ಜಾಕ್ ಕೂರಿಸುವವರು ಬಣ್ಣಗಳನ್ನು ತಮಗೆ ತೋಚಿದಂತೆ ಸಾಲಾಗಿ ಜೋಡಿಸುವುದೂ ಉಂಟು. ಎರಡೂ ತುದಿ ಒಂದೇ ಥರ ಇದ್ದರೆ ಅಗ್ಗದ ಟೆಸ್ಟರಿನ ಎಂಟೂ ದೀಪ ಉರಿಯುತ್ತವೆ. ಆದರೆ 3ನೇ ಮತ್ತು 6ನೇ ಪಿನ್‌ಗೆ ಒಂದೇ ಜೋಡಿ ಹೋಗದಿದ್ದರೆ, ಹೆಣೆದದ್ದರ ಫಲವೇ ಇಲ್ಲದಾಗಿ ಪಕ್ಕದ ತಂತಿಯ ಗದ್ದಲ ಒಳನುಗ್ಗುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ತೀರಾ ಅಗ್ಗದ ಕೇಬಲ್‌ಗಳ ಕಥೆ ಇನ್ನೊಂದು: ಅವುಗಳಲ್ಲಿ ಎಷ್ಟೋ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಬಳಿದಂಥವು. ಬ್ಲೇಡಿನಿಂದ ಕೆರೆದರೆ ಒಳಗೆ ಬಿಳುಪು ಕಾಣುತ್ತದೆ. ಒಂದೆರಡು ಸಲ ಬಾಗಿಸಿದರೆ ಲಟಕ್ಕೆಂದು ಮುರಿಯುತ್ತದೆ.

ಕರ್ನಾಟಕಕ್ಕೆ ಜಾಲದ ನಂಟು ಹಳೆಯದು. ಶಿಕ್ಷಣ, ಸಂಶೋಧನಾ ಸಂಸ್ಥೆಗಳನ್ನು ಬೆಸೆಯಲು 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಮನೆಮನೆಗೆ ಬ್ರಾಡ್‌ಬ್ಯಾಂಡ್ ಬರತೊಡಗಿದ್ದು 2005ರಲ್ಲಿ ಬಿಎಸ್‌ಎನ್‌ಎಲ್ ಸೇವೆ ಆರಂಭಿಸಿದ ಮೇಲೆ. ಆಗ ಪತ್ತೆಗೆ ಸುಲಭದ ದಾರಿಯಿತ್ತು: ಫೋನ್ ಎತ್ತಿ ಕಿವಿಗಿಡಿ, ಕರಕರ ಕೇಳಿದರೆ ಲೈನ್‌ಮನ್‌ಗೆ ಹೇಳಿ. ಈಗ ಫೈಬರ್ ಬಂದು ಆ ಕರಕರ ಹೋಗಿದೆ. ಆದರೂ ಎಷ್ಟೋ ಊರುಗಳಲ್ಲಿ ಕೊನೆಯ ತುಂಡು ತಾರಸಿಯಿಂದ ತಾರಸಿಗೆ ಎಳೆದ ತಾಮ್ರದ ಕೇಬಲ್ಲೇ. ಮುಂಗಾರಿಗೆ ಮುನ್ನ ಬರುವ ಸಿಡಿಲು ಅದರ ಮೂಲಕ ಮನೆಯೊಳಗೆ ಇಳಿಯುತ್ತದೆ. ಪೋರ್ಟ್ ಪೂರ್ತಿ ಸುಟ್ಟರೆ ಒಳ್ಳೆಯದೇ. ಅರ್ಧಂಬರ್ಧ ಸತ್ತರೆ ತಿಂಗಳುಗಟ್ಟಲೆ ಪೀಡೆ.

ಕೇಬಲ್ ಸರಿಯಿದ್ದೂ ಕಾಡುವ ಇನ್ನಷ್ಟು ದೋಷಗಳು ಈಚಿನವು. 2010ರಲ್ಲಿ ಕೆಲಸವಿಲ್ಲದಾಗ ತೂಕಡಿಸಿ ವಿದ್ಯುತ್ ಉಳಿಸುವ ಈಥರ್ನೆಟ್ ಮಾನಕವಾಯಿತು. ಕೆಲವು ಕಾರ್ಡ್ ಮತ್ತು ಸ್ವಿಚ್ಚಿನ ಜೋಡಿಗಳಲ್ಲಿ ಈ ತೂಕಡಿಕೆಯೇ ಸಂಪರ್ಕ ಕಳಚಲು ಕಾರಣ. ಇಂಟೆಲ್‌ನ ಐ225 ಚಿಪ್‌ನ ಮೊದಲ ಆವೃತ್ತಿ 2.5 ಗಿಗಾಬಿಟ್ ವೇಗದಲ್ಲಿ ಕೆಲವು ಸ್ವಿಚ್ಚುಗಳೊಂದಿಗೆ ಪ್ಯಾಕೆಟ್ (ದತ್ತಾಂಶದ ತುಣುಕು) ಕಳೆದುಕೊಳ್ಳುತ್ತಿತ್ತು. ವೇಗವನ್ನು 1 ಗಿಗಾಬಿಟ್‌ಗೆ ಇಳಿಸಿಕೊಳ್ಳುವುದೇ ಆಗ ಇದ್ದ ಉಪಾಯ. ಇನ್ನೊಂದು, ಮನೆಯಲ್ಲಿ ಯಾರೋ ಫೋಟೊ ಅಪ್‌ಲೋಡ್ ಮಾಡತೊಡಗಿದೊಡನೆ ವಿಡಿಯೊ ಕರೆ ತಡವರಿಸುವುದು. ರೂಟರಿನಲ್ಲಿ ಪ್ಯಾಕೆಟ್‌ಗಳು ವಿಪರೀತ ಉದ್ದದ ಸಾಲಿನಲ್ಲಿ ನಿಲ್ಲುವುದೇ ಇದಕ್ಕೆ ಕಾರಣ ಎಂದು 2010ರ ಸುಮಾರಿಗೆ ಕಂಪ್ಯೂಟರ್ ತಜ್ಞ ಜಿಮ್ ಗೆಟಿಸ್ ತಮ್ಮ ಮನೆಯ ಜಾಲದ ಪಿಂಗ್ ಲೆಕ್ಕ ಮುಂದಿಟ್ಟುಕೊಂಡೇ ವಾದಿಸಿದರು. 2012ರಲ್ಲಿ ಜಾಲ ತಜ್ಞರಾದ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಅದಕ್ಕೆ ಕೋಡೆಲ್ ಎಂಬ ಪರಿಹಾರ ಸೂಚಿಸಿದರು. ಕಂಪನಿಗಳು ಪುಕ್ಕಟೆ ಕೊಡುವ ರೂಟರುಗಳಲ್ಲಿ ಅದನ್ನು ಹುಡುಕಲು ಹೋಗಬೇಡಿ.

ಹಾಗಾಗಿ ದೂರು ಕೊಡುವ ಮುನ್ನ ಇಷ್ಟು ಮಾಡಿ. ಎರಡು ಕಿಟಕಿ ತೆರೆದು, ಒಂದರಲ್ಲಿ ನಿಮ್ಮ ರೂಟರಿಗೆ, ಇನ್ನೊಂದರಲ್ಲಿ ಹೊರಗಿನ ಯಾವುದಾದರೂ ವಿಳಾಸಕ್ಕೆ ಪಿಂಗ್ ಬಿಡದೆ ಓಡಿಸಿ. ಎರಡೂ ಒಟ್ಟಿಗೆ ತಪ್ಪಿದರೆ ದೋಷ ಮನೆಯೊಳಗಿನದು: ಕೇಬಲ್ ಬದಲಿಸಿ, ರೂಟರಿನ ಬೇರೆ ಪೋರ್ಟ್‌ಗೆ ಚುಚ್ಚಿ, ಡ್ರೈವರ್ ನೋಡಿ, ಇದೇ ಕ್ರಮದಲ್ಲಿ. ಹೊರಗಿನದು ಮಾತ್ರ ತಪ್ಪಿ, ಆಗ ಮನೆಯಲ್ಲಿ ಯಾರೂ ದೊಡ್ಡ ಅಪ್‌ಲೋಡ್ ನಡೆಸುತ್ತಿರದಿದ್ದರೆ, ತಪ್ಪಿದ ಹೊತ್ತನ್ನು ಬರೆದಿಟ್ಟುಕೊಂಡು ಕಂಪನಿಗೆ ಫೋನ್ ಮಾಡಿ. ರೂಟರ್ ಆಫ್ ಮಾಡಿ ಆನ್ ಮಾಡಿ ಎಂದಷ್ಟೇ ಹೇಳಿ ಅವರು ಫೋನ್ ಇಟ್ಟರೆ ಒಪ್ಪಬೇಡಿ. ಆ ಹೊತ್ತುಗಳನ್ನು ಓದಿ ಹೇಳಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ.