ಬೇರೆ ತೊಟ್ಟಿಯ ತಪ್ಪು

ನಮ್ಮನೆ ಟ್ಯಾಂಕಲ್ಲಿ ಡಿಸ್ಕಸ್ ಜೋಡಿಯ ಮೊಟ್ಟೆ ಮೊದಲ ಸಲ ಒಡೆದಾಗ, ಅವೇ ಮರಿಗಳನ್ನ ತಿಂದುಬಿಟ್ಟರೆ ಅಂತ ಹೆದರಿ ಮರಿಗಳನ್ನ ಬೇರೆ ತೊಟ್ಟಿಗೆ ಹಾಕಿದೆ. ನೀರು 29 ಡಿಗ್ರಿ ಇತ್ತು, ಫಿಲ್ಟರ್ ಸರಿಯಾಗೇ ಇತ್ತು. ಆದರೂ ಒಂದೂ ಉಳೀಲಿಲ್ಲ.

ಆಮೇಲೆ ಓದಿದಾಗ ಗೊತ್ತಾಯ್ತು, ಇದು ಹಳೇ ತಪ್ಪು. ಅಮೆಜಾನಿನ ಉಪನದಿ ರಿಯೊ ನೀಗ್ರೊದಿಂದ ಯೋಹಾನ್ ನಾಟರರ್ ಸಂಗ್ರಹಿಸಿದ ಈ ಮೀನಿಗೆ 1840ರಲ್ಲಿ ವಿಯೆನ್ನಾದ ಯೋಹಾನ್ ಯಾಕೋಬ್ ಹೆಕೆಲ್ ಹೆಸರಿಟ್ಟರು. 20ನೇ ಶತಮಾನದಲ್ಲಿ ಅದು ಯುರೋಪ್, ಅಮೆರಿಕದ ಮನೆಗಳಿಗೆ ಬಂತು. ಏಂಜೆಲ್ ಮೀನಿನ ಮೊಟ್ಟೆ ಎತ್ತಿ ಬೇರೆ ಸಾಕಿ ಗೆದ್ದಿದ್ದವರು ಇದಕ್ಕೂ ಅದನ್ನೇ ಮಾಡಿದರು. ಮೊಟ್ಟೆ ಒಡೀತಿತ್ತು, ಮರಿ ಈಜ್ತಿತ್ತು, ಸಾಯ್ತಿತ್ತು. 1959ರಲ್ಲಿ ಹಿಲ್ಡೆಮನ್ ಎಂಬ ಅಮೆರಿಕದ ವಿಜ್ಞಾನಿ ಇದರ ಗುಟ್ಟು ಬರೆದರು: ಮರಿಗಳ ಮೊದಲ ಊಟ ಹೆತ್ತವರ ಮೈಮೇಲಿನ ಲೋಳೆ. ಗಂಡು, ಹೆಣ್ಣು ಎರಡೂ ಸರದಿ ಮೇಲೆ ಉಣಿಸ್ತವೆ.

ಹುಟ್ಟಿದ ಕರೂನ ಮೊದಲು ಹಸುವಿನ ಹತ್ರ ಬಿಡಬೇಕು, ಗಿಣ್ಣುಹಾಲು ಮೊದಲು ಅದಕ್ಕೆ. ಕೊಟ್ಟಿಗೆಯಲ್ಲಿ ಕಲಿತ ಈ ಪಾಠ ಗಾಜಿನ ಮುಂದೆ ಕೂತಾಗ ಮರೆತುಹೋಗಿತ್ತು.

ಈ ಸಲ ಬೇರೆ ಮಾಡಿಲ್ಲ. ಅಪ್ಪನ ಮೈಗೆ ಮರಿಗಳು ಮುತ್ತಿಕೊಂಡಿವೆ.